ಅರ್ಧ ಮುರಿದ ವಿಮಾನವನ್ನು ಹಿಡಿತದಲ್ಲಿ ಇಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಾವಣಿ ಹಾರಿಹೋದ ವಿಮಾನ, ರೆಕ್ಕೆಯ ತುದಿ ಕಳಚಿದ ವಿಮಾನ, ಬಾಲದ ಫಿನ್ನೇ ಇಲ್ಲದ ವಿಮಾನ ನೆಲಕ್ಕೆ ಇಳಿದು ನಿಂತಿರುವ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ ಮಾತು: ಇದು ಹೇಗೆ ಬಂತು? ನನ್ನನ್ನೂ ಬಹಳ ಕಾಡಿದ ಪ್ರಶ್ನೆ ಇದು. ಇಂಥ ಘಟನೆಗಳ ವಿವರ ಓದುತ್ತಾ ಹೋದಂತೆ ಒಂದು ವಿಷಯ ಮನಸ್ಸಿಗೆ ನಾಟಿತು. ಏನು ಮುರಿಯಿತು ಅನ್ನುವುದು ಅರ್ಧ ಕಥೆ ಮಾತ್ರ. ಏನು ಉಳಿದಿದೆ, ಅದು ಯಾವ ವೇಗದಲ್ಲಿ ಕೆಲಸ ಮಾಡುತ್ತದೆ ಅನ್ನುವುದರ ಮೇಲೆ ಒಳಗಿರುವವರ ಜೀವ ನಿಂತಿರುತ್ತದೆ.

ಮೈಯ ತುಂಡೇ ಕಿತ್ತುಹೋದರೂ ವಿಮಾನ ಬೀಳುವುದಿಲ್ಲ ಯಾಕೆ?

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ರೆಕ್ಕೆ ನೆಟ್ಟಗಿದ್ದು ವೇಗ ಇರುವವರೆಗೆ ಆ ಕೆಲಸ ನಡೆಯುತ್ತಲೇ ಇರುತ್ತದೆ. ಮೈಯ ತಗಡು ಕಿತ್ತರೆ ಗಾಳಿಯ ಎಳೆತ ಜಾಸ್ತಿಯಾಗುತ್ತದೆ, ಇಡೀ ವಿಮಾನ ನಡುಗುತ್ತದೆ, ಆದರೆ ಎತ್ತುವ ಬಲ ಹೋಗುವುದಿಲ್ಲ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ 24,000 ಅಡಿ ಎತ್ತರದಲ್ಲಿತ್ತು. ಕಾಕ್‌ಪಿಟ್‌ನ ಹಿಂದಿನಿಂದ ಸುಮಾರು 18 ಅಡಿ ಉದ್ದದ ಚಾವಣಿ ಒಮ್ಮೆಲೇ ಹಾರಿಹೋಯಿತು. ಪೈಲಟ್ ಹಿಂದೆ ತಿರುಗಿ ನೋಡಿದರೆ ಮೇಲ್ಗಡೆ ನೀಲಿ ಆಕಾಶ. ಆದರೆ ರೆಕ್ಕೆಗಳು ಗಟ್ಟಿಯಾಗಿದ್ದವು. ಬಾಲವನ್ನು ಆಡಿಸುವ ವ್ಯವಸ್ಥೆಯೂ ಕೆಲಸ ಮಾಡುತ್ತಿತ್ತು. ಎಡ ಎಂಜಿನ್ ಕೈಕೊಟ್ಟರೂ ಸುಮಾರು 13 ನಿಮಿಷದಲ್ಲಿ ವಿಮಾನವನ್ನು ಮಾವಿ ದ್ವೀಪದ ಕಾಹುಲುಯಿ ನಿಲ್ದಾಣದಲ್ಲಿ ಇಳಿಸಿದರು. ಒಳಗಿದ್ದ 95 ಜನರಲ್ಲಿ ಒಬ್ಬ ಗಗನಸಖಿ ಹೊರಗೆ ಎಸೆಯಲ್ಪಟ್ಟು ತೀರಿಕೊಂಡರು. ಉಳಿದ 94 ಜನ ಬದುಕಿದರು.

ರೆಕ್ಕೆಯ ತುದಿ ಮುರಿದರೆ ಆ ಕಡೆಗೆ ಮಗುಚಿಕೊಳ್ಳುವುದಿಲ್ಲವೇ?

ಮಗುಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯುವುದು ಹೇಗೆ ಅಂತ ಮನೆಯಲ್ಲೇ ನೋಡಬಹುದು. ಒಂದು ಕಾಗದದ ವಿಮಾನ ಮಾಡಿ. ಬಲ ರೆಕ್ಕೆಯ ತುದಿಯಿಂದ ಹೆಬ್ಬೆರಳಿನ ಉಗುರಿನಷ್ಟು ಹರಿದುಹಾಕಿ ಎಸೆಯಿರಿ. ಬಲಕ್ಕೆ ವಾಲಿ, ಸುತ್ತಿಕೊಂಡು ನೆಲಕ್ಕೆ ಬೀಳುತ್ತದೆ. ಈಗ ಹರಿದ ಕಡೆಯ ಹಿಂದಿನ ಅಂಚನ್ನು ಚೂರು ಕೆಳಕ್ಕೆ ಬಗ್ಗಿಸಿ, ಇನ್ನೊಂದು ಕಡೆಯದನ್ನು ಚೂರು ಮೇಲಕ್ಕೆ ಬಗ್ಗಿಸಿ. ನಾಲ್ಕೈದು ಸಲ ಬಗ್ಗಿಸಿ ನೋಡಿದರೆ ಹೆಚ್ಚುಕಡಿಮೆ ನೇರವಾಗಿ ಹೋಗುವ ಒಂದು ಹದ ಸಿಗುತ್ತದೆ. ಅದೇ ವಿಮಾನವನ್ನು ಮೆಲ್ಲಗೆ ಎಸೆದಾಗ ಮತ್ತು ಜೋರಾಗಿ ಎಸೆದಾಗ ಅದು ಬೇರೆ ಬೇರೆ ರೀತಿ ನಡೆದುಕೊಳ್ಳುವುದನ್ನೂ ಗಮನಿಸಿ.

ನೀವು ಬಗ್ಗಿಸಿದ ಅಂಚೇ ಐಲೆರಾನ್. ನಿಜವಾದ ವಿಮಾನದಲ್ಲಿ ಲೆಕ್ಕ ಹೀಗಿರುತ್ತದೆ. ವಿಮಾನದ ತೂಕ ಅಷ್ಟೇ ಇದೆ, ಹಾಗಾಗಿ ಒಟ್ಟು ಎತ್ತುವ ಬಲವೂ ಅಷ್ಟೇ ಬೇಕು. ಎರಡು ರೆಕ್ಕೆಗಳ ನಡುವೆ ಹುಟ್ಟಿದ ಏರುಪೇರು ವೇಗ ಹೆಚ್ಚಿಸಿದರೂ ಸುಮಾರಾಗಿ ಅಷ್ಟೇ ಉಳಿಯುತ್ತದೆ. ಆದರೆ ಅದನ್ನು ಸರಿದೂಗಿಸುವ ಐಲೆರಾನ್‌ನ ಶಕ್ತಿ ವೇಗದ ಜೊತೆ ಬೇಗ ಬೇಗ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಅರ್ಧ ಉತ್ತರಗಳು ಇದರಲ್ಲೇ ಇವೆ.

1965ರ ಜೂನ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಪ್ಯಾನ್ ಆಮ್‌ನ ಬೋಯಿಂಗ್ 707 ವಿಮಾನದ ಬಲ ತುದಿಯ ಎಂಜಿನ್ ಸಿಡಿದು ಬೆಂಕಿ ಹತ್ತಿತು. ಎಂಜಿನ್ ಕಳಚಿಬಿತ್ತು, ಅದರ ಜೊತೆಗೆ ಸುಮಾರು 25 ಅಡಿ ರೆಕ್ಕೆಯೂ ಹೋಯಿತು. 707ಕ್ಕೆ ರೆಕ್ಕೆಯ ಒಳಭಾಗದಲ್ಲೂ ಐಲೆರಾನ್ ಇದೆ, ರೆಕ್ಕೆಯ ಮೇಲೆ ಸ್ಪಾಯ್ಲರ್‌ಗಳಿವೆ, ಅಂದರೆ ಮೇಲೆದ್ದು ಆ ಕಡೆಯ ಎತ್ತುವ ಬಲ ತಗ್ಗಿಸುವ ಹಲಗೆಗಳು. ಜೊತೆಗೆ, ರೆಕ್ಕೆ ಬುಡದ ಕಡೆ ಜಾಸ್ತಿ ಭಾರ ಹೊರುತ್ತದೆ, ತುದಿಯ ಕಡೆ ಕಡಿಮೆ. ವಿಮಾನ ಟ್ರಾವಿಸ್ ವಾಯುನೆಲೆಯಲ್ಲಿ ಇಳಿಯಿತು. 153 ಜನರೂ ಬದುಕಿದರು.

ಒಂದು ರೆಕ್ಕೆ ಪೂರ್ತಿ ಹೋದರೂ ಇಳಿದ ವಿಮಾನ ಇದೆಯಂತೆ, ನಿಜವೇ?

ನಿಜ. ಆದರೆ ಅದು ಪ್ರಯಾಣಿಕರ ವಿಮಾನ ಅಲ್ಲ. 1983ರ ಮೇ 1ರಂದು ಇಸ್ರೇಲ್‌ನ ನೆಗೆವ್ ಮರುಭೂಮಿಯ ಮೇಲೆ ಅಭ್ಯಾಸದ ವೇಳೆ ಎಫ್-15 ಯುದ್ಧವಿಮಾನಕ್ಕೆ ಸ್ಕೈಹಾಕ್ ವಿಮಾನ ಡಿಕ್ಕಿ ಹೊಡೆಯಿತು. ಎಫ್-15ರ ಬಲ ರೆಕ್ಕೆ ಬುಡದಿಂದಲೇ ಹೋಯಿತು. ಇಂಧನ ಆವಿಯಾಗಿ ಚಿಮ್ಮುತ್ತಿದ್ದುದರಿಂದ ಪೈಲಟ್ ಜಿವಿ ನೆಡಿವಿಗೆ ರೆಕ್ಕೆ ಇಲ್ಲ ಅನ್ನುವುದೇ ಕಾಣಲಿಲ್ಲ. ವಿಮಾನ ಗಿರಕಿ ಹೊಡೆಯತೊಡಗಿದಾಗ ಅವರು ಎಂಜಿನ್‌ಗಳಿಗೆ ಪೂರ್ತಿ ಶಕ್ತಿ ಕೊಟ್ಟು ವೇಗ ಹೆಚ್ಚಿಸಿದರು. ಹಿಡಿತ ಸಿಕ್ಕಿತು.

ಎಫ್-15ರ ಮೈ ಅಗಲ ಮತ್ತು ಚಪ್ಪಟೆ. ಆ ವೇಗದಲ್ಲಿ ಮೈಯೇ ರೆಕ್ಕೆಯ ಕೆಲಸ ಮಾಡಿತು. ಬಾಲದ ದೊಡ್ಡ ಹಲಗೆಗಳು ವಾಲುವುದನ್ನು ತಡೆದವು. ಎಂದಿನ ಇಳಿಯುವ ವೇಗದ ಎರಡು ಪಟ್ಟು, ಸುಮಾರು 260 ನಾಟ್‌ನಲ್ಲಿ, ಅಂದರೆ ಗಂಟೆಗೆ 480 ಕಿ.ಮೀ. ವೇಗದಲ್ಲಿ ಅವರು ರನ್‌ವೇ ಮುಟ್ಟಿದರು. ಉದ್ದನೆಯ ಕೊಳವೆಯಂಥ ಮೈ ಇರುವ ಪ್ರಯಾಣಿಕರ ವಿಮಾನದಿಂದ ಇದು ಆಗದ ಕೆಲಸ.

ಬಾಲ ಹೋದರೆ?

ಇದಕ್ಕೆ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

1964ರ ಜನವರಿ 10ರಂದು ಅಮೆರಿಕದಲ್ಲಿ ಬಿ-52 ಬಾಂಬರ್ ಒಂದು ಬೆಟ್ಟಗಳ ಬಳಿ ಭಾರೀ ಗಾಳಿಗೆ ಸಿಕ್ಕಿತು. ಬಾಲದ ಮೇಲೆ ನಿಂತಿರುವ ಫಿನ್ ಬಹುಪಾಲು ಮುರಿದುಹೋಯಿತು. ವಿಮಾನದ ದಿಕ್ಕನ್ನು ನೆಟ್ಟಗೆ ಇಡುವುದೇ ಆ ಫಿನ್. ಬೋಯಿಂಗ್‌ನ ಪರೀಕ್ಷಾ ಪೈಲಟ್ ಚಕ್ ಫಿಷರ್ ಎಂಜಿನ್‌ಗಳ ಶಕ್ತಿ ಹೊಂದಿಸಿ, ಏರ್‌ಬ್ರೇಕ್ ಬಳಸಿ, ಗಂಟೆಗಟ್ಟಲೆ ಹಾರಿಸಿ ಕೊನೆಗೆ ಆರ್ಕನ್ಸಾ ರಾಜ್ಯದ ಬ್ಲೈತ್‌ವಿಲ್ ವಾಯುನೆಲೆಯಲ್ಲಿ ಇಳಿಸಿದರು.

1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್‌ನ 123ನೇ ವಿಮಾನ, ಬೋಯಿಂಗ್ 747, ಇದೇ ರೀತಿ ಫಿನ್ ಕಳೆದುಕೊಂಡಿತು. ಏಳು ವರ್ಷ ಹಿಂದೆ ಬಾಲ ನೆಲಕ್ಕೆ ತಗುಲಿದಾಗ ಹಿಂಭಾಗದ ಒತ್ತಡ ತಡೆಯುವ ಗೋಡೆಯನ್ನು ತಪ್ಪಾಗಿ ರಿಪೇರಿ ಮಾಡಿದ್ದರು. ಎರಡು ಸಾಲು ರಿವೆಟ್ ಹೊರಬೇಕಿದ್ದ ಭಾರವನ್ನು ಒಂದೇ ಸಾಲು ಹೊರುತ್ತಿತ್ತು. ಆ ಗೋಡೆ ಒಡೆದು ನುಗ್ಗಿದ ಗಾಳಿ ಫಿನ್ ಹಾರಿಸಿತು. ಎಣ್ಣೆಯ ಒತ್ತಡದಿಂದ ನಿಯಂತ್ರಣದ ಹಲಗೆಗಳನ್ನು ತಿರುಗಿಸುವ, ಅಲ್ಲೇ ಹಾದುಹೋಗುತ್ತಿದ್ದ ನಾಲ್ಕೂ ಹೈಡ್ರಾಲಿಕ್ ವ್ಯವಸ್ಥೆಗಳ ಕೊಳವೆಗಳನ್ನೂ ತುಂಡರಿಸಿತು. ಪೈಲಟ್‌ಗಳು ಎಂಜಿನ್‌ಗಳಿಂದಲೇ 32 ನಿಮಿಷ ಹೋರಾಡಿದರು. 524 ಜನರಲ್ಲಿ 520 ಜನ ಸತ್ತರು.

ಎರಡರಲ್ಲೂ ಹೋದದ್ದು ಫಿನ್. ಬಿ-52ರಲ್ಲಿ ಉಳಿದ ಹಲಗೆಗಳು ಪೈಲಟ್ ಮಾತು ಕೇಳುತ್ತಿದ್ದವು, 747ರಲ್ಲಿ ಯಾವುದೂ ಕೇಳುತ್ತಿರಲಿಲ್ಲ.

ಹೈಡ್ರಾಲಿಕ್ ವ್ಯವಸ್ಥೆ ಮೂರು-ನಾಲ್ಕು ಇರುತ್ತವಲ್ಲ, ಎಲ್ಲವೂ ಒಟ್ಟಿಗೆ ಹೋಗುವುದು ಹೇಗೆ?

ದೊಡ್ಡ ವಿಮಾನದ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಹಲಗೆ), ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಹಲಗೆ), ಐಲೆರಾನ್‌ಗಳನ್ನು ಕೈಬಲದಿಂದ ತಿರುಗಿಸಲು ಆಗುವುದಿಲ್ಲ. ಒತ್ತಡದಲ್ಲಿರುವ ಎಣ್ಣೆಯೇ ಅವನ್ನು ತಳ್ಳುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತಲೇ ಮೂರು-ನಾಲ್ಕು ವ್ಯವಸ್ಥೆ ಇಡುತ್ತಾರೆ. ಆದರೆ ಮೂರೂ ಕೊಳವೆ ಕೊನೆಗೆ ಹೋಗುವುದು ಅದೇ ಬಾಲಕ್ಕೆ, ಅಲ್ವಾ? ಅಲ್ಲಿ ಅವು ಹತ್ತಿರ ಹತ್ತಿರ ಬಂದರೆ ಒಂದೇ ಏಟಿಗೆ ಮೂರೂ ಹೋಗಬಹುದು. ಎಣಿಕೆಗೆ ಮೂರಾದರೂ ಆ ಜಾಗದಲ್ಲಿ ಒಂದೇ.

ಡಿಸಿ-10 ವಿಮಾನದ ಇತಿಹಾಸ ಇದೇ ಪಾಠವನ್ನು ತುಂಬಾ ದುಬಾರಿಯಾಗಿ ಕಲಿಸಿತು. 1972ರ ಜೂನ್‌ನಲ್ಲಿ ಕೆನಡಾದ ವಿಂಡ್ಸರ್ ಮೇಲೆ ಒಂದು ಡಿಸಿ-10ರ ಸರಕು ಬಾಗಿಲು ಹಾರಿಹೋಯಿತು. ಕೆಳಗಿನ ಕೋಣೆಯ ಗಾಳಿ ಒಮ್ಮೆಲೇ ಖಾಲಿಯಾಗಿ, ಮೇಲಿನ ಕ್ಯಾಬಿನ್‌ನ ನೆಲ ಕುಸಿದು, ಅದರಲ್ಲಿ ಹಾದುಹೋಗುವ ನಿಯಂತ್ರಣ ಕೇಬಲ್‌ಗಳಿಗೆ ಪೆಟ್ಟಾಯಿತು. ಆ ದಿನ ವಿಮಾನ ಹೇಗೋ ಇಳಿಯಿತು. 1974ರ ಮಾರ್ಚ್ 3ರಂದು ಪ್ಯಾರಿಸ್ ಬಳಿ ಟರ್ಕಿಷ್ ಏರ್‌ಲೈನ್ಸ್‌ನ ಡಿಸಿ-10ರಲ್ಲಿ ಅದೇ ಬಾಗಿಲು, ಅದೇ ನೆಲ. 346 ಜನ ಹೋದರು. ಮೊದಲ ಎಚ್ಚರಿಕೆ ಸಿಕ್ಕಿ ಎರಡು ವರ್ಷವೂ ಆಗಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಕೊಳವೆಗಳನ್ನು ದೂರ ದೂರ ಹಾಯಿಸುತ್ತಾರೆ. ಎಣ್ಣೆ ಅಳತೆ ಮೀರಿ ಹರಿದರೆ ತಾನಾಗಿ ಮುಚ್ಚಿಕೊಳ್ಳುವ ಹೈಡ್ರಾಲಿಕ್ ಫ್ಯೂಸ್‌ಗಳಿವೆ. ಏರ್‌ಬಸ್ ಎ380ರಂಥ ವಿಮಾನದಲ್ಲಿ ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ಜೊತೆಗೆ, ಕೆಲವು ಹಲಗೆಗಳಿಗೆ ತಮ್ಮದೇ ಎಣ್ಣೆ ಇಟ್ಟುಕೊಂಡು ಕರೆಂಟಿನಿಂದ ನಡೆಯುವ ಬೇರೆ ವ್ಯವಸ್ಥೆಯೂ ಇದೆ.

ಬರೀ ಎಂಜಿನ್‌ಗಳಿಂದ ವಿಮಾನವನ್ನು ನಡೆಸುವುದು ಅಂದರೆ ಏನು?

ಎಡ ಎಂಜಿನ್‌ಗೆ ಶಕ್ತಿ ಜಾಸ್ತಿ ಕೊಟ್ಟರೆ ಮೂಗು ಬಲಕ್ಕೆ ತಿರುಗುತ್ತದೆ, ಜೊತೆಗೆ ವಿಮಾನ ಬಲಕ್ಕೆ ವಾಲುತ್ತದೆ. ಎರಡಕ್ಕೂ ಜಾಸ್ತಿ ಕೊಟ್ಟರೆ ಮೂಗು ಮೇಲೇಳುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ಕೇಳಲು ಸುಲಭ. ಮಾಡಿದವರಿಗೇ ಗೊತ್ತು ಅದರ ಕಷ್ಟ.

1989ರ ಜುಲೈ 19ರಂದು ಯುನೈಟೆಡ್ 232, ಒಂದು ಡಿಸಿ-10, ಡೆನ್ವರ್‌ನಿಂದ ಶಿಕಾಗೋಗೆ ಹೊರಟಿತ್ತು. ಬಾಲದ ಎಂಜಿನ್‌ನ ಫ್ಯಾನ್ ಡಿಸ್ಕ್ ಸಿಡಿದು, ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಹಾಳುಮಾಡಿದವು. ಕ್ಯಾಪ್ಟನ್ ಅಲ್ ಹೇನ್ಸ್ ಮುಂದಿದ್ದ ನಿಯಂತ್ರಣ ಚಕ್ರ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಪ್ರಯಾಣಿಕರ ನಡುವೆ ಕೂತಿದ್ದ ಡೆನ್ನಿ ಫಿಚ್ ಡಿಸಿ-10 ಪೈಲಟ್‌ಗಳಿಗೆ ತರಬೇತಿ ಕೊಡುವವರು. ಅವರು ಕಾಕ್‌ಪಿಟ್‌ಗೆ ಬಂದು ಎರಡು ಸೀಟುಗಳ ನಡುವೆ ಮಂಡಿಯೂರಿ, ಒಂದೊಂದು ಕೈಯಲ್ಲಿ ಒಂದೊಂದು ಥ್ರಾಟಲ್, ಅಂದರೆ ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿಕೆ, ಹಿಡಿದರು.

ಆ ವಿಮಾನ ಉಯ್ಯಾಲೆಯ ಹಾಗೆ ನಿಧಾನವಾಗಿ ಮೇಲೆ ಕೆಳಗೆ ಆಡುತ್ತಿತ್ತು. ಮೂಗು ಇಳಿಯುತ್ತದೆ, ವೇಗ ಏರುತ್ತದೆ, ಮೂಗು ತಾನಾಗಿ ಏಳುತ್ತದೆ, ವೇಗ ಇಳಿಯುತ್ತದೆ, ಮತ್ತೆ ಮೂಗು ಬಾಗುತ್ತದೆ. ಇದನ್ನು ನಿಲ್ಲಿಸಲು ಪೈಲಟ್‌ನ ಅಭ್ಯಾಸಕ್ಕೆ ತದ್ವಿರುದ್ಧವಾದದ್ದನ್ನು ಮಾಡಬೇಕು. ಮೂಗು ಕೆಳಗಿದ್ದು ವೇಗ ಏರುತ್ತಿರುವಾಗ ಶಕ್ತಿ ಹೆಚ್ಚಿಸಬೇಕು. ಮೂಗು ಮೇಲಿದ್ದು ವೇಗ ಕುಸಿಯುತ್ತಿರುವಾಗ ಶಕ್ತಿ ತಗ್ಗಿಸಬೇಕು. ಥ್ರಾಟಲ್ ತಳ್ಳಿದ ಕೆಲವು ಸೆಕೆಂಡ್ ಆದ ಮೇಲೆ ಎಂಜಿನ್ ಎಚ್ಚೆತ್ತುಕೊಳ್ಳುವುದರಿಂದ ಎಲ್ಲವನ್ನೂ ಮುಂಚಿತವಾಗಿ ಊಹಿಸಬೇಕು. ಇದರ ಮೇಲೆ ವಿಮಾನ ಸದಾ ಬಲಕ್ಕೆ ಎಳೆಯುತ್ತಿತ್ತು. ಮುಕ್ಕಾಲು ಗಂಟೆ ಹೀಗೆ ಹಾರಿಸಿ ಸೂ ಸಿಟಿಯ ರನ್‌ವೇಗೆ ತಂದರು. ಗಂಟೆಗೆ ಸುಮಾರು 400 ಕಿ.ಮೀ. ವೇಗ. ಕೊನೆಯ ಗಳಿಗೆಯಲ್ಲಿ ಬಲ ರೆಕ್ಕೆ ಬಾಗಿ ಮೊದಲು ನೆಲಕ್ಕೆ ತಾಗಿತು. ವಿಮಾನ ಚೂರಾಯಿತು. 296 ಜನರಲ್ಲಿ 184 ಜನ ಬದುಕಿದರು.

2003ರ ನವೆಂಬರ್ 22ರಂದು ಬಾಗ್ದಾದ್‌ನಿಂದ ಏರುತ್ತಿದ್ದ ಸರಕು ವಿಮಾನ ಏರ್‌ಬಸ್ ಎ300ರ ಎಡ ರೆಕ್ಕೆಗೆ ಕ್ಷಿಪಣಿ ಬಡಿಯಿತು. ಮೂರೂ ಹೈಡ್ರಾಲಿಕ್ ಹೋದವು, ರೆಕ್ಕೆ ಉರಿಯುತ್ತಿತ್ತು. ಮೂವರು ಸಿಬ್ಬಂದಿ ಥ್ರಾಟಲ್‌ಗಳಿಂದಲೇ ವಿಮಾನವನ್ನು ತಿರುಗಿಸಿ ಅದೇ ನಿಲ್ದಾಣದಲ್ಲಿ ಇಳಿಸಿದರು. ಮೂವರೂ ಬದುಕಿದರು.

ಹಾನಿಯಾದ ವಿಮಾನವನ್ನು ನಿಧಾನ ಮಾಡಿದರೆ ಒಳ್ಳೆಯದಲ್ವಾ?

ಎಲ್ಲರಿಗೂ ಹಾಗೇ ಅನಿಸುತ್ತದೆ. ರಸ್ತೆಯ ಮೇಲೆ ಅದು ಸರಿ. ಗಾಳಿಯಲ್ಲಿ ಇದೇ ಎಷ್ಟೋ ಜನರ ಪ್ರಾಣ ತೆಗೆದಿದೆ. ಅತಿ ವೇಗದಿಂದ ಮುರಿದ ಭಾಗ ಇನ್ನಷ್ಟು ಕೀಳಬಹುದು, ನಿಜ. ಆದರೆ ವೇಗ ಕಡಿಮೆಯಾದಂತೆ ಹಲಗೆಗಳ ಶಕ್ತಿ ಕುಸಿಯುತ್ತದೆ, ಪೆಟ್ಟು ತಿಂದ ರೆಕ್ಕೆ ಇನ್ನೊಂದಕ್ಕಿಂತ ಮೊದಲೇ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ.

1979ರ ಮೇ 25ರಂದು ಶಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್ 191 ನೆಲ ಬಿಡುವಾಗ ಎಡ ಎಂಜಿನ್ ಕಳಚಿಬಿತ್ತು. ಅದರ ಏಟಿಗೆ ಹೈಡ್ರಾಲಿಕ್ ಕೊಳವೆ ಹರಿದು, ಎಡ ರೆಕ್ಕೆಯ ಮುಂದಿನ ಅಂಚಿನ ಸ್ಲ್ಯಾಟ್‌ಗಳು, ಅಂದರೆ ಕಡಿಮೆ ವೇಗದಲ್ಲೂ ರೆಕ್ಕೆ ಎತ್ತಿ ಹಿಡಿಯುವಂತೆ ಹೊರಚಾಚುವ ಪಟ್ಟಿಗಳು, ಒಳಸರಿದವು. ಎಂಜಿನ್ ಹೋದಾಗ 153 ನಾಟ್‌ನಲ್ಲಿ ಏರಬೇಕು ಅಂತ ನಿಯಮ ಹೇಳುತ್ತಿತ್ತು. ಪೈಲಟ್‌ಗಳು ಅದನ್ನೇ ಪಾಲಿಸಿ ವೇಗ ತಗ್ಗಿಸಿದರು. ಆದರೆ ಸ್ಲ್ಯಾಟ್ ಇಲ್ಲದ ಎಡ ರೆಕ್ಕೆ 159 ನಾಟ್‌ಗೇ ಸ್ಟಾಲ್ ಆಗುವ ಸ್ಥಿತಿಯಲ್ಲಿತ್ತು. ಅದನ್ನು ಹೇಳಬೇಕಿದ್ದ ಎಚ್ಚರಿಕೆಗಳೂ ಕರೆಂಟ್ ಇಲ್ಲದೆ ಸತ್ತಿದ್ದವು. ವಿಮಾನ ಎಡಕ್ಕೆ ಮಗುಚಿತು. ನೆಲದ ಮೇಲಿನ ಇಬ್ಬರು ಸೇರಿ 273 ಜನ ಸತ್ತರು. ಆ ಆರೇ ಆರು ನಾಟ್ ನನ್ನ ತಲೆಯಿಂದ ಹೋಗುವುದೇ ಇಲ್ಲ. ಅವರು ತಪ್ಪು ಮಾಡಲಿಲ್ಲ. ನಿಯಮ ಬರೆದದ್ದು ಪೂರ್ತಿ ಇದ್ದ ವಿಮಾನಕ್ಕೆ, ಅವರ ಕೈಯಲ್ಲಿದ್ದದ್ದು ಬೇರೆಯೇ ವಿಮಾನ.

1992ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಸ್ರೇಲ್‌ನ ಎಲ್ ಆಲ್ ಕಂಪನಿಯ 747 ಸರಕು ವಿಮಾನವೂ ಬಲಗಡೆಯ ಎರಡು ಎಂಜಿನ್ ಕಳೆದುಕೊಂಡು ಕೆಲವು ನಿಮಿಷ ಹಾರಿತು. ಇಳಿಯಲು ನಿಧಾನ ಮಾಡುವಾಗಲೇ ಹಿಡಿತ ತಪ್ಪಿ ವಸತಿ ಕಟ್ಟಡದ ಮೇಲೆ ಬಿತ್ತು.

ಹಾಗಾದರೆ ಪೈಲಟ್‌ಗಳು ಏನು ಮಾಡಬೇಕು?

ಮೊದಲು ವಿಮಾನವನ್ನು ಹಾರಿಸುತ್ತಾ ಇರಬೇಕು. ಈಗ ಹಿಡಿತ ಇದ್ದರೆ, ಇರುವ ವೇಗ, ಇರುವ ಸ್ಥಿತಿಯನ್ನು ಸುಮ್ನೆ ಬದಲಿಸಬಾರದು. ನಂತರ ಸಾಕಷ್ಟು ಎತ್ತರದಲ್ಲಿರುವಾಗಲೇ ಇಳಿಯುವ ಸ್ಥಿತಿಯನ್ನು ಪರೀಕ್ಷಿಸಬೇಕು. ಫ್ಲ್ಯಾಪ್ (ನಿಧಾನವಾಗಿ ಹಾರಿ ಇಳಿಯಲು ರೆಕ್ಕೆಯ ಹಿಂದಿನಿಂದ ಕೆಳಕ್ಕೆ ಚಾಚುವ ಹಲಗೆ) ಒಂದು ಹಂತ ಇಳಿಸಿ ನೋಡುವುದು, ಚಕ್ರ ಇಳಿಸಿ ನೋಡುವುದು, ವೇಗವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುವುದು. ವಿಮಾನ ಯಾವಾಗ ಮುನಿಸು ತೋರಿಸುತ್ತದೋ ಆಗ ಒಂದು ಹೆಜ್ಜೆ ಹಿಂದೆ ಬಂದು ಅಲ್ಲೇ ನಿಲ್ಲುವುದು. ಇದಕ್ಕೆ ಕಂಟ್ರೋಲ್ ಚೆಕ್ ಅನ್ನುತ್ತಾರೆ. 10,000 ಅಡಿಯಲ್ಲಿ ವಿಮಾನ ವಾಲಿದರೆ ಸರಿಪಡಿಸಲು ಸಮಯ ಇದೆ, 500 ಅಡಿಯಲ್ಲಿ ಇಲ್ಲ.

ಅಲೋಹಾ ಪೈಲಟ್‌ಗಳು ಫ್ಲ್ಯಾಪ್ 5 ಅನ್ನುವ ಹಂತಕ್ಕಿಂತ ಮುಂದೆ ಹೋದರೆ ಹಿಡಿತ ಸಡಿಲವಾಗುವುದನ್ನು ಕಂಡರು. ಅಲ್ಲೇ ನಿಲ್ಲಿಸಿ, ಸುಮಾರು 170 ನಾಟ್‌ನಲ್ಲಿ ಬಂದು ಇಳಿದರು. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಾಸ್ 32, ಒಂದು ಎ380, ಎಂಜಿನ್ ಸಿಡಿದು ರೆಕ್ಕೆಯೊಳಗಿನ ವೈರು, ಕೊಳವೆಗಳನ್ನು ಕಳೆದುಕೊಂಡಿತು. ಪರದೆಯ ಮೇಲೆ ಎಚ್ಚರಿಕೆಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಒಂದು ಹಂತದಲ್ಲಿ ಹಾಳಾದದ್ದನ್ನು ಲೆಕ್ಕ ಹಾಕುವುದು ಬಿಟ್ಟು, ಕೆಲಸ ಮಾಡುತ್ತಿರುವುದು ಏನೇನು ಅಂತ ಲೆಕ್ಕ ಹಾಕತೊಡಗಿದರು. ಕಂಟ್ರೋಲ್ ಚೆಕ್ ಮಾಡಿಯೇ ಇಳಿದರು. 469 ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಆದಷ್ಟು ಬೇಗ ಇಳಿಸಬಾರದೇ?

ಬೆಂಕಿ ಇದ್ದರೆ ಹೌದು, ಒಂದು ನಿಮಿಷವೂ ಕಾಯುವಂತಿಲ್ಲ. ಬೆಂಕಿ ಇಲ್ಲದೆ ವಿಮಾನ ಸ್ಥಿರವಾಗಿದ್ದರೆ, ಅದನ್ನು ಅರ್ಥ ಮಾಡಿಕೊಳ್ಳಲು ತೆಗೆದುಕೊಂಡ ಸಮಯ ವ್ಯರ್ಥವಲ್ಲ.

ಇಂಥ ಪೆಟ್ಟು ತಡೆಯುವ ಹಾಗೆ ಮೊದಲೇ ಕಟ್ಟಿರುತ್ತಾರಾ?

ಕಟ್ಟಿರುತ್ತಾರೆ. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರ ಎಷ್ಟು ಅಂತ ಲೆಕ್ಕ ಹಾಕಿ, ಅದರ ಒಂದೂವರೆ ಪಟ್ಟು ತಾಳುವಂತೆ ರಚಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಒಂದು ಭಾಗ ಮುರಿದರೆ ಅದರ ಭಾರ ಹೊರಲು ಪಕ್ಕದ ಭಾಗ ಇರಬೇಕು. 1954ರಲ್ಲಿ ಬ್ರಿಟನ್‌ನ ಎರಡು ಕಾಮೆಟ್ ಪ್ರಯಾಣಿಕರ ಜೆಟ್‌ಗಳು ಗಾಳಿಯಲ್ಲೇ ಚೂರಾದವು. ಮತ್ತೆ ಮತ್ತೆ ಒತ್ತಡ ಏರಿಳಿದು ಲೋಹ ದಣಿದು, ಕಿಂಡಿಗಳ ಮೂಲೆಯಲ್ಲಿ ಹುಟ್ಟಿದ ಬಿರುಕು ತಡೆಯಿಲ್ಲದೆ ಓಡಿತ್ತು. ಬಿರುಕು ಒಂದು ಕಡೆ ನಿಲ್ಲುವಂತೆ ಮೈಯೊಳಗೆ ಪಟ್ಟಿಗಳನ್ನು ಕೂಡಿಸುವುದು, ರೆಕ್ಕೆಗೆ ಒಂದಕ್ಕಿಂತ ಹೆಚ್ಚು ತೊಲೆ ಇಡುವುದು ಆಮೇಲೆ ಗಟ್ಟಿಯಾಗಿ ಬೇರೂರಿತು.

ಅದೂ ಸಾಲದು ಅಂತ ಗೊತ್ತಾದದ್ದು 1977ರ ಮೇ ತಿಂಗಳಲ್ಲಿ. ಜಾಂಬಿಯಾದ ಲುಸಾಕಾ ಬಳಿ ಹಳೆಯ 707 ಸರಕು ವಿಮಾನವೊಂದರ ಬಾಲದ ಹಲಗೆ ಮುರಿದುಬಿತ್ತು. ಒಂದು ಭಾಗಕ್ಕೆ ಇನ್ನೊಂದು ಆಸರೆ ಅಂತಲೇ ಅದನ್ನು ರಚಿಸಿದ್ದರು. ಆದರೆ ಒಳಗೆ ಬೆಳೆಯುತ್ತಿದ್ದ ಬಿರುಕನ್ನು ತಪಾಸಣೆಯಲ್ಲಿ ಯಾರೂ ಕಂಡಿರಲಿಲ್ಲ. ಬಿರುಕು ಇದ್ದೇ ಇರುತ್ತದೆ ಅಂತ ಇಟ್ಟುಕೊಂಡು, ಅದು ಅಪಾಯದ ಅಳತೆಗೆ ಬೆಳೆಯುವ ಮೊದಲು ಸಿಗುವಂತೆ ತಪಾಸಣೆಯ ಗಡುವು ಹಾಕುವ ನಿಯಮ ಮರುವರ್ಷ ಬಂತು.

ಕಂಪ್ಯೂಟರ್ ಈ ಕೆಲಸ ಮಾಡಬಲ್ಲದೇ?

ಮಾಡಿ ತೋರಿಸಿದೆ. ಸೂ ಸಿಟಿ ಘಟನೆಯ ನಂತರ ನಾಸಾ ಎಂಜಿನಿಯರ್‌ಗಳು ಬರೀ ಎಂಜಿನ್‌ಗಳ ಶಕ್ತಿಯಿಂದ ವಿಮಾನ ನಡೆಸುವ ಸಾಫ್ಟ್‌ವೇರ್ ಬರೆದರು. ಪೈಲಟ್ ಎಷ್ಟು ತಿರುಗಬೇಕು, ಎಷ್ಟು ಇಳಿಯಬೇಕು ಅಂತ ಹೇಳಿದರೆ ಸಾಕು, ಥ್ರಾಟಲ್‌ನ ಸಣ್ಣ ಸಣ್ಣ ತಿದ್ದುಪಡಿಗಳನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. 1993ರಲ್ಲಿ ಎಫ್-15, 1995ರ ಆಗಸ್ಟ್ 29ರಂದು ದೊಡ್ಡ ಎಂಡಿ-11 ಹೀಗೆ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಇಳಿದವು. ಫಿಚ್ ಬೆವರು ಸುರಿಸಿ ಮಾಡಿದ ಕೆಲಸವನ್ನು ಯಂತ್ರ ಮೆತ್ತಗೆ ಮಾಡಿತು. ಇಂಥದ್ದು ಎಲ್ಲ ದೊಡ್ಡ ವಿಮಾನಗಳಲ್ಲೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಷ್ಟು ಹಾನಿಯಾಗಿದೆ ಅಂತ ಪೈಲಟ್‌ಗೆ ಕಾಣುತ್ತದೆಯೇ?

ಬಹಳ ಸಲ ಕಾಣುವುದಿಲ್ಲ. ಜಪಾನ್‌ನ ಪೈಲಟ್‌ಗಳಿಗೆ ಫಿನ್ ಹೋದದ್ದು ಕಾಣುವಂತಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನವರಿಗೆ ಎಂಜಿನ್‌ಗಳು ಕೆಟ್ಟಿವೆ ಅಂತ ಗೊತ್ತಿತ್ತು, ಕಳಚಿಯೇ ಬಿದ್ದಿವೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಕ್ಯಾಬಿನ್ ಸಿಬ್ಬಂದಿ ಕಿಟಕಿಯಿಂದ ನೋಡಿ ಹೇಳುವ ಮಾತಿಗೆ ತುಂಬಾ ಬೆಲೆ ಇದೆ.

ಪ್ರಯಾಣಿಕರಾಗಿ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಸೀಟಿನಲ್ಲಿ ಇರುವಷ್ಟು ಹೊತ್ತೂ ಬೆಲ್ಟ್ ಹಾಕಿಕೊಂಡಿರಿ. ಅಲೋಹಾ ವಿಮಾನದಲ್ಲಿ ಸೀಟ್‌ಬೆಲ್ಟ್ ದೀಪ ಇನ್ನೂ ಉರಿಯುತ್ತಿತ್ತು. ಬೆಲ್ಟ್ ಹಾಕಿದ್ದ ಪ್ರಯಾಣಿಕರೆಲ್ಲ ತೆರೆದ ಆಕಾಶದ ಕೆಳಗೆ ಸೀಟಿನಲ್ಲೇ ಉಳಿದರು. ಮತ್ತೆ, ಏನಾದರೂ ಸರಿಯಿಲ್ಲ ಅನಿಸಿದರೆ ಸಂಕೋಚ ಪಡದೆ ಸಿಬ್ಬಂದಿಗೆ ಹೇಳಿ. ಆ ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರು ಬಾಗಿಲ ಬಳಿ ಮೈಯ ಮೇಲೆ ಉದ್ದನೆಯ ಬಿರುಕೊಂದನ್ನು ಕಂಡಿದ್ದರು. ಯಾರಿಗೂ ಹೇಳದೆ ಹೋಗಿ ಕೂತಿದ್ದರು.